ಜಟ್ಟಿಯೋ ಗುರುವೋ: ವಿಜಯನಗರದ ನೆಲದಲ್ಲಿ ಸುಖಾಯು ಮತ್ತು ಹಿತಾಯು

ಮನುಷ್ಯನು ತನ್ನ ದೇಹವನ್ನು ಹದಗೊಳಿಸಿಕೊಳ್ಳುವುದಕ್ಕೆ ಒಬ್ಬನನ್ನೂ ತನ್ನ ಬಾಳನ್ನು ಹದಗೊಳಿಸಿಕೊಳ್ಳುವುದಕ್ಕೆ ಮತ್ತೊಬ್ಬನನ್ನೂ ಆಶ್ರಯಿಸಬೇಕೆ, ಅಥವಾ ಎರಡಕ್ಕೂ ಒಬ್ಬನೇ ಸಾಕೆ ಎಂಬ ಪ್ರಶ್ನೆಯು ತೀರ ಈಚಿನದೆಂದು ಅನೇಕರು ಭಾವಿಸಿರುವಂತೆ ಕಾಣುತ್ತದೆ. ಅದಕ್ಕೆ ಕಾರಣವೂ ಇಲ್ಲದಿಲ್ಲ. ವೆಲ್‌ನೆಸ್ ಕೋಚ್ ಮತ್ತು ಲೈಫ್ ಕೋಚ್ ಎಂಬ ಎರಡು ಹೆಸರುಗಳು ನಮ್ಮ ಕಿವಿಗೆ ಬೀಳತೊಡಗಿದುದು ಇತ್ತೀಚಿನ ವರ್ಷಗಳಲ್ಲಿಯೇ. ಮೊದಲನೆಯವನು ಆಹಾರ, ನಿದ್ರೆ, ವ್ಯಾಯಾಮ, ಆಯಾಸ ಇವುಗಳ ವಿಷಯದಲ್ಲಿ ದಾರಿ ತೋರುವೆನೆನ್ನುತ್ತಾನೆ. ಎರಡನೆಯವನು ಉದ್ಯೋಗ, ಗುರಿ, ನಿರ್ಧಾರ, ಮನೆಮಂದಿಯೊಡನೆ ನಡೆವಳಿ ಇವುಗಳ ವಿಷಯದಲ್ಲಿ. ಇಬ್ಬರಲ್ಲಿ ಯಾರ ಬಳಿಗೆ ಹೋಗತಕ್ಕದ್ದು ಎಂಬ ಪ್ರಶ್ನೆಯನ್ನು ನಮ್ಮ ತರಗತಿಗಳಲ್ಲಿಯೇ ವಿದ್ಯಾರ್ಥಿಗಳು ಕೇಳಿರುವುದುಂಟು. ಪರೀಕ್ಷೆಯ ಭಯದಿಂದ ನಿದ್ರೆ ಕೆಟ್ಟವನಿಗೆ ತನ್ನದು ದೇಹದ ತೊಂದರೆಯೋ ಬಾಳಿನ ತೊಂದರೆಯೋ ಎಂಬುದು ಗೊತ್ತಾಗದಿರುವುದು ಸಹಜವಾಗಿದೆ.

ಇತಿಹಾಸದ ವಿಭಾಗಕ್ಕೆ ಇದರಿಂದ ಆಗಬೇಕಾದುದೇನು ಎಂದು ಓದುಗರು ಕೇಳಬಹುದು. ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ ಈ ನಾಲ್ಕು ಊರುಗಳ ಸುತ್ತಿನ ನೆಲದಲ್ಲಿ ಈ ಎರಡು ಬಗೆಯ ಮಾರ್ಗದರ್ಶಕರೂ ಬಹು ಹಿಂದೆಯೇ ಇದ್ದರು. ಅರಸರು ಅವರನ್ನು ಆರಿಸಿಕೊಂಡರು. ಆ ಆಯ್ಕೆಯ ಫಲವನ್ನೂ ಉಂಡರು. 2021ರಲ್ಲಿ ಜಿಲ್ಲೆಗಳು ಬೇರೆಯಾಗಿ ಹೊಸಪೇಟೆಯೂ ಹಂಪೆಯೂ ವಿಜಯನಗರ ಜಿಲ್ಲೆಗೆ ಸೇರಿ, ಕಂಪ್ಲಿ ಸಂಡೂರುಗಳು ಬಳ್ಳಾರಿಯಲ್ಲಿಯೇ ಉಳಿದಿದ್ದರೂ ಚರಿತ್ರೆಯ ದೃಷ್ಟಿಯಿಂದ ಇವು ಒಂದೇ ಸೀಮೆ. ಪ್ರಕೃತ ಲೇಖನದಲ್ಲಿ ಆ ಸೀಮೆಯ ಕೆಲವು ಸಾಕ್ಷ್ಯಗಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲಿಗೆ ಎರಡು ಪದಗಳನ್ನು ವಿವರಿಸುವುದು ಅಗತ್ಯ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಆಯುಸ್ಸನ್ನು ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ: ಹಿತ, ಅಹಿತ, ಸುಖ, ದುಃಖ. ಶರೀರಕ್ಕೂ ಮನಸ್ಸಿಗೂ ರೋಗವಿಲ್ಲದೆ, ಬಲ ವೀರ್ಯ ಯೌವನಗಳಿಂದ ಕೂಡಿ, ಇಂದ್ರಿಯಗಳು ನೆಟ್ಟಗಿದ್ದು, ಕೈಗೊಂಡ ಕೆಲಸ ಕೈಗೂಡುತ್ತಿರುವವನ ಬಾಳು ಸುಖಾಯು. ಸಕಲ ಪ್ರಾಣಿಗಳಿಗೂ ಒಳ್ಳೆಯದನ್ನು ಬಯಸುತ್ತ, ಪರರ ಸೊತ್ತಿಗೆ ಕೈಚಾಚದೆ, ಸತ್ಯವನ್ನಾಡುತ್ತ, ವಿಚಾರಮಾಡಿ ನಡೆಯುತ್ತ, ರಾಗ ರೋಷಗಳ ವೇಗವನ್ನು ತಡೆದುಕೊಂಡಿರುವವನ ಬಾಳು ಹಿತಾಯು. ಇಲ್ಲಿ ಗಮನಿಸತಕ್ಕದ್ದೇನೆಂದರೆ ಇವೆರಡನ್ನೂ ಹೇಳಿದುದು ಒಂದೇ ವೈದ್ಯಶಾಸ್ತ್ರವಾದರೂ ಅದು ಇವನ್ನು ಒಂದೆಂದು ಹೇಳಲಿಲ್ಲ. ಸುಖವಾಗಿದ್ದೂ ಅಹಿತನಾಗಿ ಬಾಳಬಹುದು, ಹಿತನಾಗಿದ್ದೂ ದುಃಖದಲ್ಲಿರಬಹುದು. ಇಂದಿನ ಎರಡು ಹೆಸರುಗಳಿಗೆ ಕನ್ನಡದಲ್ಲಿ ಪದ ಬೇಕೆಂದರೆ ಸುಖಾಯುವಿನ ಮಾರ್ಗದರ್ಶಕ, ಹಿತಾಯುವಿನ ಮಾರ್ಗದರ್ಶಕ ಎನ್ನುವುದಕ್ಕಿಂತ ಒಪ್ಪುವ ಮಾತು ನಮಗೆ ತೋರುವುದಿಲ್ಲ.

ಅದೇ ಗ್ರಂಥವು ಚಿಕಿತ್ಸೆಯನ್ನು ಮೂರಾಗಿ ವಿಭಾಗಿಸುತ್ತದೆ. ದೈವವನ್ನು ಆಶ್ರಯಿಸಿದುದು ಒಂದು, ಆಹಾರ ಔಷಧಗಳ ಯುಕ್ತಿಯನ್ನು ಆಶ್ರಯಿಸಿದುದು ಒಂದು, ಮೂರನೆಯದು ಸತ್ತ್ವಾವಜಯ, ಎಂದರೆ ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆಯುವುದು. ಆದುದರಿಂದ ವೈದ್ಯನು ಕೇವಲ ಮೈಯನ್ನು ನೋಡತಕ್ಕವನೆಂದೂ ಮನಸ್ಸೆಲ್ಲ ಗುರುವಿನದೆಂದೂ ಗೆರೆ ಎಳೆಯುವುದು ಪ್ರಾಚೀನರಿಗೆ ಸಮ್ಮತವಾಗಿರಲಿಲ್ಲ. ಗೆರೆ ಬೇರೊಂದು ಕಡೆ ಇತ್ತು. ಅದು ಎಲ್ಲಿ ಎಂಬುದನ್ನು ವಿಜಯನಗರದ ಸಾಕ್ಷ್ಯಗಳು ಚೆನ್ನಾಗಿ ತೋರಿಸುತ್ತವೆ.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಯಸನು ಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನು ಬಹು ವಿವರವಾಗಿ ಬರೆದಿರುವನು. ರಾಬರ್ಟ್ ಸೆವೆಲನು 1900ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದಂದಿನಿಂದ ಅದು ನಮ್ಮ ಪಠ್ಯಪುಸ್ತಕಗಳಲ್ಲೆಲ್ಲ ಸೇರಿಕೊಂಡಿದೆ. ಆದರೆ ರಾಜನ ಪರಾಕ್ರಮಕ್ಕೆ ಉದಾಹರಣೆಯಾಗಿ ಅದನ್ನು ಎತ್ತಿಕೊಂಡು ಮುಂದೆ ಸಾಗುವುದೇ ರೂಢಿಯಾಗಿ, ಅದರೊಳಗಿನ ಕ್ರಮವನ್ನು ಯಾರೂ ಅಷ್ಟಾಗಿ ಬಿಡಿಸಿ ನೋಡಿದಂತಿಲ್ಲ. ಪೇಯಸನ ಹೇಳಿಕೆಯ ಪ್ರಕಾರ ಅರಸನು ಪ್ರತಿದಿನವೂ ಬೆಳಕು ಹರಿಯುವ ಮೊದಲೇ ಎದ್ದು ಮುಕ್ಕಾಲು ಪೈಂಟಿನಷ್ಟು, ಎಂದರೆ ಇಂದಿನ ಅಳತೆಯಲ್ಲಿ ಸುಮಾರು 400 ಮಿಲಿಲೀಟರಿನಷ್ಟು, ಎಳ್ಳೆಣ್ಣೆಯನ್ನು ಕುಡಿಯುತ್ತಿದ್ದನು. ಅದೇ ಎಣ್ಣೆಯನ್ನು ಮೈಗೆಲ್ಲ ಬಳಿದುಕೊಳ್ಳುತ್ತಿದ್ದನು. ಸೊಂಟಕ್ಕೆ ಒಂದು ತುಂಡು ಬಟ್ಟೆಯನ್ನು ಸುತ್ತಿ, ಮಣ್ಣಿನಿಂದ ಮಾಡಿದ ಭಾರಿ ತೂಕಗಳನ್ನು ತೋಳುಗಳಿಂದ ಎತ್ತಿ, ಬಳಿಕ ಕತ್ತಿಯನ್ನು ಹಿಡಿದು, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೂ ವರಸೆ ತಿರುಗುತ್ತಿದ್ದನು. ಅನಂತರ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ. ಅದಾದಮೇಲೆ ಕುದುರೆಯೇರಿ ಬೆಳಗಾಗುವವರೆಗೆ ಬಯಲಿನಲ್ಲಿ ಅತ್ತಿತ್ತ ಓಡಿಸುವುದು. ಇಷ್ಟೆಲ್ಲವೂ ಮುಗಿದ ಮೇಲೆ ಸ್ನಾನ. ಆ ಸ್ನಾನವನ್ನು ಮಾಡಿಸುತ್ತಿದ್ದವನು ರಾಜನು ಪವಿತ್ರನೆಂದು ಭಾವಿಸಿದ್ದ, ಅವನಿಗೆ ಬಹಳ ಬೇಕಾದ ಒಬ್ಬ ಬ್ರಾಹ್ಮಣನು. ತರುವಾಯ ಅರಮನೆಯೊಳಗಿನ ದೇವಾಲಯದಲ್ಲಿ ಪೂಜೆ. ಅಲ್ಲಿಂದ ಗೋಡೆಗಳಿಲ್ಲದ ಒಂದು ಕಂಬಗಳ ಚಾವಡಿಗೆ ಬಂದು ರಾಜ್ಯಕಾರ್ಯ. ಅಲ್ಲಿ ಅವನಿಗೆ ಎಲ್ಲರಿಗಿಂತ ಹತ್ತಿರದವನಾಗಿದ್ದವನು ಪೇಯಸನು ತೆಮೆರ್ಸಿಯ ಎಂದು ಬರೆದಿರುವ ವೃದ್ಧ ಮಂತ್ರಿ ಸಾಳುವ ತಿಮ್ಮರಸು.

ಈ ದಿನಚರಿಯನ್ನು ವೈದ್ಯಶಾಸ್ತ್ರದೊಡನೆ ಹೋಲಿಸಿದರೆ ಒಂದು ವಿಷಯ ಹೊರಪಡುತ್ತದೆ. ಅಭ್ಯಂಗ, ವ್ಯಾಯಾಮ, ಸ್ನಾನ ಇವು ಆಯುರ್ವೇದದ ದಿನಚರ್ಯೆಯಲ್ಲಿ ಇರತಕ್ಕವೇ ಸರಿ. ಆದರೆ ಸ್ನೇಹಪಾನವನ್ನು, ಎಂದರೆ ಎಣ್ಣೆ ತುಪ್ಪಗಳನ್ನು ಕುಡಿಯುವುದನ್ನು, ಶೋಧನಚಿಕಿತ್ಸೆಗೆ ಮೊದಲು ಮೂರರಿಂದ ಏಳು ದಿನಗಳ ಮಿತಿಯೊಳಗೆ ಮಾಡಿಸಬೇಕೆಂದು ಚರಕನ ಮತ. ವ್ಯಾಯಾಮವನ್ನು ದೇಹಬಲದ ಅರ್ಧದಷ್ಟಕ್ಕೆ ನಿಲ್ಲಿಸಬೇಕೆಂದು ಸುಶ್ರುತನ ವಿಧಿ. ಪ್ರತಿದಿನ ಎಣ್ಣೆ ಕುಡಿದು ಅದು ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸುವುದು ಇವೆರಡು ಮಿತಿಗಳನ್ನೂ ಮೀರಿದ ಕ್ರಮ. ಆದಕಾರಣ ರಾಯನ ಬೆಳಗನ್ನು ಏರ್ಪಡಿಸಿದವನು ವೈದ್ಯನಲ್ಲ, ಗರಡಿಯ ಗುರು ಎಂದು ನಾವು ಊಹಿಸುತ್ತೇವೆ. ಇದು ಜಟ್ಟಿಯ ಸಾಧನೆ, ರೋಗಿಯ ಪಥ್ಯವಲ್ಲ.

ಗರಡಿಯ ಶಾಸ್ತ್ರಕ್ಕೆ ಕನ್ನಡನಾಡಿನಲ್ಲಿ ಆಗಲೇ ನಾಲ್ಕು ನೂರು ವರ್ಷಗಳ ಹಿನ್ನೆಲೆಯಿದ್ದಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇದೆ. ಅದರಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸಿ ಅವರ ಆಹಾರ ಅಭ್ಯಾಸಗಳನ್ನು ಹೇಳಿದೆ. ಜಟ್ಟಿ ಎಂಬ ನಮ್ಮ ಮಾತು ಈ ಜ್ಯೇಷ್ಠಿ ಶಬ್ದದಿಂದಲೇ ಬಂದಿರಬೇಕೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಮುಂದೆ ಮೈಸೂರಿನ ಅರಸರ ಕಾಲದಲ್ಲಿ ಜಟ್ಟಿಗಳು ಕುಸ್ತಿಯಲ್ಲಿ ಎಷ್ಟು ಹೆಸರುವಾಸಿಯಾಗಿದ್ದರೋ ಉಳುಕಿದ ಕೀಲನ್ನು ಕೂಡಿಸುವುದರಲ್ಲಿಯೂ ಅಂಗಮರ್ದನದಲ್ಲಿಯೂ ಅಷ್ಟೇ ಹೆಸರುವಾಸಿಯಾಗಿದ್ದರು. ಹಂಪೆಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಮಲ್ಲರ ಶಿಲ್ಪಗಳನ್ನು ಇಂದಿಗೂ ನೋಡಬಹುದು. ಇಂದಿನ ವೆಲ್‌ನೆಸ್ ಕೋಚ್ ಎಂಬವನಿಗೆ ಪೂರ್ವಜರನ್ನು ಹುಡುಕುವವರು ಸಾಮಾನ್ಯವಾಗಿ ವೈದ್ಯರ ಕಡೆ ತಿರುಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ತಿರುಗಬೇಕಾದುದು ಗರಡಿಯ ಕಡೆಗೆ. ವೈದ್ಯನು ಕೆಟ್ಟುದನ್ನು ಸರಿಪಡಿಸುವವನು. ಜಟ್ಟಿಯು ಸರಿಯಾಗಿರುವುದನ್ನು ಬಲಪಡಿಸುವವನು. ಈ ಭೇದವನ್ನು ಮರೆತಲ್ಲಿ ರೋಗಿಯು ಗರಡಿಗೆ ಹೋಗುತ್ತಾನೆ, ಅದು ಅಪಾಯ.

ಇನ್ನು ಗುರುವಿನ ವಿಚಾರ. ಸುಮಾರು 1535ರ ವೇಳೆಗೆ ಬರೆದ ಫರ್ನಾವೊ ನ್ಯೂನಿಜನು, ಬಿಸ್ನಗದ ಅರಸನು ಮದುವೆಯಾಗದ, ಸ್ತ್ರೀಸಂಪರ್ಕವನ್ನೇ ಅರಿಯದ ಒಬ್ಬ ವಿದ್ವಾಂಸ ಬ್ರಾಹ್ಮಣನ ಉಪದೇಶವನ್ನು ಪ್ರತಿದಿನವೂ ಕೇಳುತ್ತಾನೆಂದೂ, ಜೀವವನ್ನು ಕೊಲ್ಲಬಾರದು, ಪರರದನ್ನು ತೆಗೆದುಕೊಳ್ಳಬಾರದು ಎಂಬುವು ಆ ಉಪದೇಶದ ವಿಷಯಗಳೆಂದೂ ಹೇಳಿರುವನು. ಈ ಯತಿಯು ವ್ಯಾಸತೀರ್ಥರೇ ಆಗಿರಬೇಕೆಂದು ಕೆಲವು ವಿದ್ವಾಂಸರ ಊಹೆ. ನ್ಯೂನಿಜನು ಬರೆದುದು ಅಚ್ಯುತರಾಯನ ಕಾಲದಲ್ಲಿ. ವ್ಯಾಸತೀರ್ಥರು 1539ರವರೆಗೆ ಜೀವಿಸಿದ್ದು ಕೃಷ್ಣದೇವರಾಯ ಅಚ್ಯುತರಾಯ ಇಬ್ಬರ ಆಳಿಕೆಯನ್ನೂ ಕಂಡವರು. ಆದುದರಿಂದ ಊಹೆ ಅಸಂಗತವೇನೂ ಅಲ್ಲ. ಸೋಮನಾಥ ಕವಿಯ ವ್ಯಾಸಯೋಗಿಚರಿತವು 1926ರಲ್ಲಿ ಬಿ. ವೆಂಕೋಬರಾಯರ ಸಂಪಾದಕತ್ವದಲ್ಲಿ ಪ್ರಕಟವಾದ ಮೇಲೆ ರಾಯನಿಗೂ ಈ ಯತಿಗೂ ಇದ್ದ ನಿಕಟಸಂಬಂಧದ ವಿಷಯದಲ್ಲಿ ಸಂದೇಹ ಉಳಿದಿಲ್ಲ. ರಾಯನ ಗುರು ವ್ಯಾಸತೀರ್ಥರೋ ಶ್ರೀವೈಷ್ಣವರಾದ ತಾತಾಚಾರ್ಯರೋ ಎಂಬ ವಾದ ಮಾತ್ರ ಬಹುಕಾಲ ನಡೆದಿದೆ. ಈ ವಾದಕ್ಕೆ ನಾವಿಲ್ಲಿ ಇಳಿಯುವುದಿಲ್ಲ. ಒಬ್ಬನೇ ಗುರು ಇರಬೇಕೆಂಬ ನಿರ್ಬಂಧವನ್ನು ಆ ಅರಸನು ಇಟ್ಟುಕೊಂಡಂತೆ ಕಾಣುವುದಿಲ್ಲ. ಅಷ್ಟು ಹೇಳಿದರೆ ಸಾಕು.

ವ್ಯಾಸತೀರ್ಥರ ಹೆಸರಿನೊಡನೆ ಸೇರಿರುವ ಕುಹಯೋಗದ ಕಥೆ ಮಾತ್ರ ನಮ್ಮ ವಿಷಯಕ್ಕೆ ಬಹು ಮುಖ್ಯ. ರಾಜನ ಜಾತಕದಲ್ಲಿ ಪ್ರಾಣಾಪಾಯದ ಘಳಿಗೆಯೊಂದು ಒದಗಿದಾಗ ಯತಿಗಳು ತಾವೇ ಸಿಂಹಾಸನದಲ್ಲಿ ಕುಳಿತು ಆ ಗಂಡಾಂತರವನ್ನು ಕಳೆದರೆಂದೂ, ಅಂದಿನಿಂದ ಅವರಿಗೆ ವ್ಯಾಸರಾಯರೆಂಬ ಹೆಸರಾಯಿತೆಂದೂ ಮಠದ ಐತಿಹ್ಯ ಹೇಳುತ್ತದೆ. ಇದನ್ನು ಐತಿಹಾಸಿಕ ಘಟನೆಯೆಂದು ಸಾಧಿಸುವುದು ಕಷ್ಟ. ಆದರೆ ಐತಿಹ್ಯವು ನಡೆದುದನ್ನು ಹೇಳದಿದ್ದರೂ ಜನರು ಏನನ್ನು ಬಯಸಿದ್ದರೆಂಬುದನ್ನು ಹೇಳುತ್ತದೆ. ಬಾಳಿನ ಗುರುವಿನಿಂದ ಈ ನಾಡಿನ ಜನ ಬಯಸಿದುದು ಬರಿಯ ಬುದ್ಧಿವಾದವನ್ನಲ್ಲ. ಶಿಷ್ಯನ ಕೆಟ್ಟ ಘಳಿಗೆಯನ್ನು ತನ್ನ ಮೇಲೆ ಹಾಕಿಕೊಳ್ಳುವ ಹೊಣೆಯನ್ನು. ಗರಡಿಯವನಿಂದ ಯಾರೂ ಇದನ್ನು ಕೇಳಲಿಲ್ಲ. ಅವನು ರಾಜನೊಡನೆ ಕುಸ್ತಿಯಾಡಿ ಸಂಬಳ ತೆಗೆದುಕೊಂಡರೆ ಅವನ ಹೊಣೆ ತೀರಿತು. ನಾವು ಮೇಲೆ ಹುಡುಕುತ್ತಿದ್ದ ಗೆರೆ ಇದೇ ಎಂದು ನಮಗೆ ತೋರುತ್ತದೆ: ಮೈ ಮನಸ್ಸುಗಳ ನಡುವಣ ಗೆರೆಯಲ್ಲ, ಎಷ್ಟರ ಹೊಣೆ ಎಂಬುದರ ಗೆರೆ.

ಕೃಷ್ಣದೇವರಾಯನು ತೆಲುಗಿನಲ್ಲಿ ರಚಿಸಿದ ಆಮುಕ್ತಮಾಲ್ಯದದಲ್ಲಿ ಯಾಮುನಾಚಾರ್ಯರ ಉಪಾಖ್ಯಾನವೊಂದು ಬರುತ್ತದೆ. ಪ್ರಸಿದ್ಧವಾದ ರಾಜನೀತಿಯ ಭಾಗ ಇರುವುದು ಈ ಉಪಾಖ್ಯಾನದಲ್ಲಿಯೇ. ಸಿಂಹಾಸನವನ್ನು ಬಿಟ್ಟುಹೊರಟ ಯಾಮುನರು ಮಗನಿಗೆ ಹೇಳಿದ ಮಾತುಗಳಾಗಿ ಅದು ಬಂದಿದೆ. ಅವರು ರಾಜಭೋಗವನ್ನು ಬಿಟ್ಟ ಬಗೆಯನ್ನು ಶ್ರೀವೈಷ್ಣವ ಗುರುಪರಂಪರೆಯ ಕಥೆಗಳು ಸೊಗಸಾಗಿ ಹೇಳುತ್ತವೆ. ಅರಸರಂತೆ ಬಾಳುತ್ತಿದ್ದ ಯಾಮುನರನ್ನು ಕಾಣಲು ವೃದ್ಧ ಗುರು ಮಣಕ್ಕಾಲ್ ನಂಬಿಗೆ ದಾರಿಯೇ ಸಿಗಲಿಲ್ಲ. ಆತನು ಅಡುಗೆಮನೆಯವರನ್ನು ಒಲಿಸಿಕೊಂಡು ದಿನವೂ ಒಂದು ಸೊಪ್ಪನ್ನು, ತಮಿಳಿನಲ್ಲಿ ತೂದುವಳೈ ಎಂದು ಹೆಸರಾದ ಮುಳ್ಳುಬಳ್ಳಿಯ ಸೊಪ್ಪನ್ನು, ತಂದುಕೊಡತೊಡಗಿದನು. ತಿಂಗಳುಗಳು ಕಳೆದ ಮೇಲೆ ಒಮ್ಮೆ ತರುವುದನ್ನು ನಿಲ್ಲಿಸಿಬಿಟ್ಟನು. ಊಟಕ್ಕೆ ಕುಳಿತ ಯಾಮುನರು ಸೊಪ್ಪೆಲ್ಲಿ ಎಂದು ಕೇಳಿದರು, ತರುತ್ತಿದ್ದವನನ್ನು ಕರೆಯಿಸಿದರು, ಮಾತು ಆಗ ಆರಂಭವಾಯಿತು. ತಮಿಳುನಾಡಿನ ಮನೆಗಳಲ್ಲಿ ಆ ಸೊಪ್ಪು ಇಂದಿಗೂ ಕೆಮ್ಮು ಕಫಗಳಿಗೆ ಮದ್ದು. ನಂಬಿ ಅದನ್ನು ಬಾಗಿಲನ್ನಾಗಿ ಮಾಡಿಕೊಂಡನು, ಮನೆಯನ್ನಾಗಿ ಮಾಡಿಕೊಳ್ಳಲಿಲ್ಲ. ಸೊಪ್ಪಿನ ಗುಣವನ್ನು ಹೊಗಳುತ್ತ ಅಲ್ಲಿಯೇ ನಿಂತಿದ್ದರೆ ಅವನು ಅರಮನೆಯ ಒಳ್ಳೆಯ ಪಥ್ಯಕಾರನಾಗುತ್ತಿದ್ದನು. ಯಾಮುನರು ಶ್ರೀರಂಗಕ್ಕೆ ಹೋಗುತ್ತಿರಲಿಲ್ಲ.

ಹಾಗೆಂದು ಎರಡು ವಿದ್ಯೆಗಳೂ ಒಬ್ಬನಲ್ಲಿ ಇರಬಾರದೆಂದಿಲ್ಲ. ವೇದಭಾಷ್ಯಕಾರನಾದ ಸಾಯಣನು ವಿಜಯನಗರದ ಆರಂಭಕಾಲದಲ್ಲಿ ಬುಕ್ಕರಾಯನ ಆಶ್ರಯದಲ್ಲಿದ್ದಾಗ ಧರ್ಮ, ಅರ್ಥ, ಕಾಮ, ಮೋಕ್ಷಗಳನ್ನು ಕುರಿತ ಇತಿಹಾಸ ಪುರಾಣಗಳ ಕಥೆಗಳನ್ನು ಆಯ್ದು ಪುರುಷಾರ್ಥಸುಧಾನಿಧಿ ಎಂಬ ಸಂಕಲನವನ್ನು ರಚಿಸಿದನು. ಅದೇ ಸಾಯಣನ ಹೆಸರಿನಲ್ಲಿ ಆಯುರ್ವೇದಸುಧಾನಿಧಿ ಎಂಬ ವೈದ್ಯಗ್ರಂಥವೂ ಇದೆ. ಒಬ್ಬನೇ ಕರ್ತೃ; ಎರಡು ಹೊತ್ತಗೆಗಳು. ಇದನ್ನು ನಾವು ಆಕಸ್ಮಿಕವೆಂದು ಎಣಿಸುವುದಿಲ್ಲ. ಆಯುಸ್ಸಿನ ಪುಸ್ತಕದಲ್ಲಿ ಪುರುಷಾರ್ಥವನ್ನೂ ಪುರುಷಾರ್ಥದ ಪುಸ್ತಕದಲ್ಲಿ ಜ್ವರವನ್ನೂ ತುಂಬಿ ಒಂದೇ ಮಾಡಬಹುದಾಗಿದ್ದಿತು. ಅವನು ಹಾಗೆ ಮಾಡಲಿಲ್ಲ. ಅದೇ ಶತಮಾನದ ನಡುವಿನಲ್ಲಿ ಜೈನಕವಿ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ಕನ್ನಡದಲ್ಲಿ ಖಗೇಂದ್ರಮಣಿದರ್ಪಣವನ್ನು ಬರೆದನು. ಕವಿಯಾದರೂ ಅವನ ಲಕ್ಷ್ಯವೆಲ್ಲ ವಿಷ ಮತ್ತು ಮದ್ದಿನ ಮೇಲೆಯೇ ಇದೆ.

ಸಂಸ್ಥೆಗಳ ವಿಷಯದಲ್ಲಿಯೂ ಇದೇ ಕ್ರಮ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ಆ ಮಠವನ್ನು ವೇದ, ವ್ಯಾಕರಣ, ಯೋಗ, ದರ್ಶನಗಳ ಅಧ್ಯಯನದ ಸ್ಥಾನವೆಂದು ಹೇಳುವುದರೊಡನೆ ದೀನರಿಗೆ ಅನ್ನದಾನದ ಸ್ಥಾನವೆಂದೂ ಅನಾಥ ರೋಗಿಗಳ ಚಿಕಿತ್ಸೆಯ ಸ್ಥಾನವೆಂದೂ ಹೇಳುತ್ತದೆ. ವಿಜಯನಗರದ ಆಳಿಕೆಗೆ ಒಳಪಟ್ಟಿದ್ದ ಶ್ರೀರಂಗದ ದೇವಾಲಯದಲ್ಲಿ 1493ರ ಶಾಸನವೊಂದು ಗರುಡವಾಹನ ಭಟ್ಟನೆಂಬವನು ಆರೋಗ್ಯಶಾಲೆಯನ್ನು ಜೀರ್ಣೋದ್ಧಾರ ಮಾಡಿ ಧನ್ವಂತರಿಯನ್ನು ಪ್ರತಿಷ್ಠಿಸಿದುದನ್ನು ತಿಳಿಸುತ್ತದೆ. ಒಂದೇ ಪ್ರಾಕಾರದೊಳಗೆ ಆಚಾರ್ಯರೂ ಇದ್ದರು, ವೈದ್ಯರೂ ಇದ್ದರು. ಜ್ವರ ಬಂದವನು ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ಎಂದು ಹೇಳುವವರೂ ಅಲ್ಲಿಯೇ ಇದ್ದಿರಬೇಕು. ಇಂದಿನ ಪೇಟೆಯಲ್ಲಿ ನಮಗೆ ತಪ್ಪಿಹೋಗಿರುವುದು ಈ ನೆರೆಹೊರೆ.

ಇಷ್ಟಾದರೂ, ಒಳ್ಳೆಯ ಜಟ್ಟಿ ಒಳ್ಳೆಯ ಗುರು ಇಬ್ಬರೂ ಇದ್ದ ಮಾತ್ರಕ್ಕೆ ಬಾಳು ನೆಟ್ಟಗಾಗುವುದೆಂದು ಇತಿಹಾಸ ಹೇಳುವುದಿಲ್ಲ. ನ್ಯೂನಿಜನ ವೃತ್ತಾಂತದ ಪ್ರಕಾರ ಕೃಷ್ಣದೇವರಾಯನು ವಿಶ್ರಾಂತಿಯನ್ನು ಬಯಸಿ, ತಾನು ಬದುಕಿರುವಾಗಲೇ ಆರು ವರ್ಷದ ಮಗನಿಗೆ ಪಟ್ಟಕಟ್ಟಿದನು. 1524ರ ಸುಮಾರಿನ ಶಾಸನಗಳಲ್ಲಿ ಆ ಬಾಲಕ ತಿರುಮಲರಾಯನ ಹೆಸರು ಕಾಣುತ್ತದೆ. ಉತ್ಸವಗಳು ಎಂಟು ತಿಂಗಳು ನಡೆದುವು. ಅಷ್ಟರಲ್ಲಿಯೇ ಹುಡುಗನು ರೋಗದಿಂದ ತೀರಿಕೊಂಡನು. ವಿಷವಿಟ್ಟವರು ತಿಮ್ಮರಸುವಿನ ಕಡೆಯವರೆಂಬ ಮಾತು ರಾಜನ ಕಿವಿಗೆ ಬಿದ್ದಿತು. ಪಟ್ಟವೇರಿದ ದಿನದಿಂದ ತನ್ನನ್ನು ನಡೆಸಿಕೊಂಡು ಬಂದಿದ್ದ ವೃದ್ಧನನ್ನೂ ಅವನ ಮಕ್ಕಳನ್ನೂ ರಾಯನು ಸೆರೆಗೆ ಹಾಕಿಸಿದನು. ಕಡೆಗೆ ಕಣ್ಣು ಕೀಳಿಸಿದನು. ಬ್ರಾಹ್ಮಣರನ್ನು ಕೊಲ್ಲುವ ಪದ್ಧತಿ ಆ ರಾಜ್ಯದಲ್ಲಿ ಇಲ್ಲದುದರಿಂದ ಪ್ರಾಣವನ್ನು ಉಳಿಸಿದರೆಂದು ನ್ಯೂನಿಜನು ಸೇರಿಸುತ್ತಾನೆ. ಈ ಕಥನವನ್ನು ಅಕ್ಷರಶಃ ನಂಬುವುದರಲ್ಲಿ ಇತಿಹಾಸಕಾರರಲ್ಲಿ ಏಕಾಭಿಪ್ರಾಯವಿಲ್ಲವೆಂಬುದು ನಿಜ. ಆದರೆ ಕಥನವನ್ನು ಇದ್ದಂತೆಯೇ ಓದಿದರೆ, ಕೊಲ್ಲಬಾರದೆಂಬ ಉಪದೇಶದ ಅಕ್ಷರ ಉಳಿದು ಅರ್ಥ ಅಳಿದುದನ್ನು ಕಾಣದಿರಲು ಸಾಧ್ಯವಿಲ್ಲ. ಬೆಳಗಿನ ಎಣ್ಣೆ, ಕುಸ್ತಿ, ಪೂಜೆ ಇವುಗಳಾವುವೂ ಆ ಒಂದು ಕೋಪದ ಘಳಿಗೆಯಲ್ಲಿ ರಾಜನ ಕೈಹಿಡಿಯಲಿಲ್ಲ. ಚಾವಡಿಯಲ್ಲಿ ಕುಳಿತು ಬೇಡವೆಂದು ಹೇಳಬಲ್ಲವನಾಗಿದ್ದವನೇ ಆರೋಪಿಯಾಗಿದ್ದನು. 1529ರಲ್ಲಿ ರಾಯನು ತೊಡೆಸಂದಿಯ ನೋವಿನಿಂದ ತೀರಿಕೊಂಡನೆಂದೂ, ಅದು ಅವನ ಹಿರಿಯರಿಗೂ ಬಂದಿದ್ದ ಬೇನೆಯೆಂದೂ ಅದೇ ವೃತ್ತಾಂತ ತಿಳಿಸುತ್ತದೆ. ಗರಡಿಯು ಅದನ್ನೂ ತಡೆಯಲಿಲ್ಲ.

ಇದಕ್ಕೆ ಪ್ರತಿಯಾಗಿ ಕಂಪ್ಲಿಯ ಕಥೆಯನ್ನು ನೋಡಬೇಕು. 1327ರಲ್ಲಿ ದೆಹಲಿಯ ಸೈನ್ಯಕ್ಕೆ ತುತ್ತಾದ ಕಂಪಿಲರಾಯನ ಮಗ ಕುಮಾರರಾಮನ ಚರಿತೆಯನ್ನು ನಂಜುಂಡ ಕವಿಯೂ ಜಾನಪದ ಹಾಡುಗಾರರೂ ಬೆಳೆಸಿಕೊಂಡು ಬಂದಿದ್ದಾರೆ. ಕಿರಿಯ ರಾಣಿ ರತ್ನಾಜಿಯು ತನ್ನ ಆಸೆಗೆ ಒಲಿಯದ ರಾಮನ ಮೇಲೆ ಸುಳ್ಳು ದೂರು ಹೊರಿಸುತ್ತಾಳೆ. ತಂದೆಯು ವಿಚಾರಿಸದೆ ಮಗನ ತಲೆಯನ್ನು ಕಡಿಯಲು ಮಂತ್ರಿ ಬೈಚಪ್ಪನಿಗೆ ಆಜ್ಞೆಮಾಡುತ್ತಾನೆ. ಬೈಚಪ್ಪನು ಆಜ್ಞೆ ನಡೆಯಿತೆಂದು ಅರಸನನ್ನು ನಂಬಿಸಿ, ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿಡುತ್ತಾನೆ. ಮತ್ತೆ ದಂಡು ಬಂದು ಅರಸನು ಮಗನಿಲ್ಲವೆಂದು ಹಲುಬಿದಾಗ ಹೊರತರುತ್ತಾನೆ. ಇದರಲ್ಲಿ ಇತಿಹಾಸವೆಷ್ಟು ಕಲ್ಪನೆಯೆಷ್ಟು ಎಂಬ ಚರ್ಚೆ ಬೇರೆ. ಬೈಚಪ್ಪನು ಜಟ್ಟಿಯಲ್ಲ, ವೈದ್ಯನಲ್ಲ, ಯತಿಯೂ ಅಲ್ಲ. ಅರಸನಿಗೆ ಆಗ ಪ್ರಿಯವಾಗಿದ್ದುದನ್ನು ಬಿಟ್ಟು ಹಿತವಾದುದನ್ನು ಮಾಡಿದನು. ಅದೂ ತನ್ನ ತಲೆಯನ್ನು ಒಡ್ಡಿ. ಕಂಪ್ಲಿಯ ಸೀಮೆಯ ಜನ ಹಿತವನ್ನು ಹೇಳುವವನು ಹೇಗಿರಬೇಕೆಂದು ಭಾವಿಸಿದ್ದರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ನಮಗೆ ಸಿಕ್ಕಿಲ್ಲ.

ಕುಮಾರರಾಮನ ನೆನಪಿರುವ ಸಂಡೂರಿನ ರಾಮನದುರ್ಗವನ್ನು 19ನೆಯ ಶತಮಾನದ ನಡುವಿನಲ್ಲಿ ಬ್ರಿಟಿಷರು ಬಳ್ಳಾರಿಯ ದಂಡಿನ ಐರೋಪ್ಯ ಸಿಪಾಯಿಗಳಿಗೆ ಆರೋಗ್ಯಧಾಮವನ್ನಾಗಿ ಮಾಡಿಕೊಂಡರು. ಬೆಟ್ಟದ ತಂಪುಗಾಳಿಯೇ ಅಲ್ಲಿಯ ಮದ್ದು. ಸಿಪಾಯಿಯ ಮೈ ಚೇತರಿಸಿಕೊಂಡರೆ ಮತ್ತೆ ದಂಡಿಗೆ. ಅವನು ಏತಕ್ಕಾಗಿ ಬದುಕಬೇಕೆಂಬ ಪ್ರಶ್ನೆ ಆ ಏರ್ಪಾಟಿನೊಳಗೆ ಇರಲಿಲ್ಲ. ಸುಖಾಯುವನ್ನು ಮಾತ್ರ ಕತ್ತರಿಸಿ ತೆಗೆದು ಬೇರೆ ಇಟ್ಟ ಮೊದಲ ಸಂಸ್ಥೆಯೆಂದು ಈ ಸೀಮೆಯಲ್ಲಿ ಅದನ್ನೇ ಹೇಳಬೇಕಾಗುತ್ತದೆ.

ಇಂದಿನ ಕೋಚ್ ಎಂಬ ಮಾತಿನ ಹುಟ್ಟು ವಿನೋದವಾದುದು. ಹಂಗೆರಿಯ ಕೋಚ್ ಎಂಬ ಗ್ರಾಮದಲ್ಲಿ ಮಾಡುತ್ತಿದ್ದ ಗಾಡಿಗೆ ಆ ಊರಿನ ಹೆಸರೇ ಬಂದು, ಅದು ಯೂರೋಪಿನಲ್ಲೆಲ್ಲ ಹರಡಿತು. 19ನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆಯ ಆಚ��ಗೆ ಸಾಗಿಸುವ ಖಾಸಗಿ ಪಾಠದವನನ್ನು ಹಾಸ್ಯವಾಗಿ ಹಾಗೆ ಕರೆದರು. ಅಲ್ಲಿಂದ ಅದು ಆಟದ ಮೈದಾನಕ್ಕೆ ಹೋಯಿತು. 1990ರ ದಶಕದಲ್ಲಿ ಅಮೆರಿಕದಲ್ಲಿ ಬಾಳಿಗೂ ಅಂಟಿಕೊಂಡು ಒಂದು ವೃತ್ತಿಯಾಯಿತು. ಅಂತರರಾಷ್ಟ್ರೀಯ ಕೋಚ್ ಒಕ್ಕೂಟವೊಂದು 1995ರಲ್ಲಿ ಅಲ್ಲಿ ಸ್ಥಾಪಿತವಾಯಿತು. ಗಾಡಿಯವನು ನಾವು ಹೇಳಿದ ಊರಿಗೆ ನಮ್ಮನ್ನು ಮುಟ್ಟಿಸುತ್ತಾನೆ. ಯಾವ ಊರಿಗೆ ಹೋಗಬೇಕೆಂಬುದನ್ನು ಅವನು ಹೇಳತಕ್ಕವನಲ್ಲ. ಗುರುವಿನ ಪದವಿಗೂ ಈ ವೃತ್ತಿಗೂ ಇರುವ ಅಂತರ ಆ ಹೆಸರಿನಲ್ಲಿಯೇ ಇದೆ. ಈ ವೃತ್ತಿಯಲ್ಲಿ ಪ್ರಾಮಾಣಿಕರಾಗಿರುವವರು ಅದನ್ನು ಮುಚ್ಚಿಡುವುದೂ ಇಲ್ಲ.

ನಮ್ಮ ದೇಶದಲ್ಲಿ ವೈದ್ಯನಾಗಿ ಕೆಲಸಮಾಡುವವನಿಗೆ, ಅವನು ಆಯುರ್ವೇದದವನಾಗಲಿ ಅಲೋಪತಿಯವನಾಗಲಿ, ಕಾನೂನಿನ ಪ್ರಕಾರ ನೋಂದಣಿ ಬೇಕು. ಕೋಚ್ ಎಂದು ಫಲಕ ಹಾಕಿಕೊಳ್ಳುವುದಕ್ಕೆ ಅಂಥ ನಿರ್ಬಂಧವಿಲ್ಲ. ಆದ್ದರಿಂದ ಆರಿಸುವವನ ಹೊಣೆಯೇ ಹೆಚ್ಚು. ವಿದ್ಯಾರ್ಥಿಗಳಿಗೆ ನಾವು ಹೇಳುವುದಿಷ್ಟು. ವಾರಗಟ್ಟಲೆ ನಿದ್ರೆಯಿಲ್ಲದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ, ಅದು ಇಬ್ಬರು ಕೋಚುಗಳಲ್ಲಿ ಯಾರ ಕೆಲಸವೂ ಅಲ್ಲ. ನೋಂದಾಯಿತ ವೈದ್ಯನದು, ಮನೋವೈದ್ಯನದು. ಮೈ ನೆಟ್ಟಗಿದ್ದು ಬಲ ಸಾಲದೆಂದೋ, ಹೊತ್ತುಹೊತ್ತಿಗೆ ಉಂಡು ಮಲಗುವ ಕ್ರಮ ತಪ್ಪಿದೆಯೆಂದೋ ತೋರಿದರೆ ಗರಡಿಯವನ ವಂಶದವನು ಸಾಕು. ಅವನು ಅರ್ಧಬಲದ ಮಿತಿಯನ್ನು ಬಲ್ಲವನಾಗಿರಬೇಕು. ಓದು ಯಾವುದು, ಉದ್ಯೋಗ ಯಾವುದು ಎಂಬ ಕವಲುದಾರಿಯಲ್ಲಿ ನಿಂತವನು ಎರಡನೆಯವನ ಬಳಿಗೆ ಹೋಗಬಹುದು. ಆದರೆ ಹೋಗುವ ಮೊದಲು, ತನಗೆ ಅಪ್ರಿಯವನ್ನು ಹೇಳಬಲ್ಲ ಅಧ್ಯಾಪಕನೋ ಅಜ್ಜಿಯೋ ಸೋದರಮಾವನೋ ಹತ್ತಿರದಲ್ಲಿಯೇ ಇರುವರೇ ಎಂದು ಒಮ್ಮೆ ನೋಡುವುದು ಒಳ್ಳೆಯದು. ಗಂಟೆಗೆ ಇಷ್ಟೆಂದು ಹಣ ಪಡೆಯುವವನಿಗೆ ಬೈಚಪ್ಪನ ಕೆಲಸ ಕಷ್ಟ.

ಕಪಟಿಗಳ ವಿಷಯವನ್ನು ಚರಕಸಂಹಿತೆಯು ಮರೆತಿಲ್ಲ. ವೈದ್ಯರಲ್ಲಿ ಪ್ರಾಣವನ್ನು ಕಾಯುವವರು, ರೋಗವನ್ನು ಬೆಳೆಸುವವರು ಎಂಬ ಎರಡು ಬಗೆಯನ್ನು ಅದು ಹೇಳುತ್ತದೆ. ಮತ್ತೊಂದು ಕಡೆ, ವೈದ್ಯರ ವೇಷವನ್ನೂ ಸಲಕರಣೆಗಳನ್ನೂ ಮಾತ್ರ ಧರಿಸಿದ ಛದ್ಮಚರರನ್ನೂ ದೊಡ್ಡವರ ಹೆಸರನ್ನು ಹೇಳಿಕೊಂಡು ಬದುಕುವವರನ್ನೂ ನಿಜವಾದ ವೈದ್ಯರಿಂದ ಬೇರ್ಪಡಿಸಿ ತೋರಿಸುತ್ತದೆ. ದೊಡ್ಡವರ ಹೆಸರನ್ನು ಹೇಳುವ ರೋಗ ಇಂದಿಗೂ ಹೋಗಿಲ್ಲ. ಛಾಯಾಚಿತ್ರಗಳು ಮಾತ್ರ ಹೊಸದಾಗಿ ಸೇರಿವೆ. ಅದೇ ಗ್ರಂಥದ ವಿಮಾನಸ್ಥಾನದಲ್ಲಿ ವಿದ್ಯೆಯನ್ನು ಬಯಸುವವನು ಅನುಸರಿಸಬೇಕಾದ ಪರೀಕ್ಷೆಯ ಕ್ರಮವಿದೆ. ಮೊದಲು ತಾನು ಕೈಗೊಳ್ಳಲಿರುವ ಕಾರ್ಯ ಹಗುರವೋ ಭಾರವೋ, ಅದರ ಫಲವೇನು, ಮುಂದೆ ಅದು ತಂದೊಡ್ಡುವುದೇನು, ದೇಶಕಾಲಗಳು ಹೊಂದುವುವೆ ಎಂದು ತಿಳಿದುಕೊಳ್ಳಬೇಕು. ಆಮೇಲೆ ಶಾಸ್ತ್ರವನ್ನು ಪರೀಕ್ಷಿಸಬೇಕು. ಆಚಾರ್ಯನ ಪರೀಕ್ಷೆ ಅದಾದ ಬಳಿಕ. ನಮ್ಮ ವಿದ್ಯಾರ್ಥಿಗಳು ಬಹುಮಟ್ಟಿಗೆ ಕಡೆಯದರಿಂದ ಆರಂಭಿಸುತ್ತಾರೆ. ಮಾತು ಚೆನ್ನಾಗಿದೆಯೆಂದು ಆಚಾರ್ಯನನ್ನು ಒಪ್ಪಿಕೊಂಡ ಮೇಲೆ ಅವನ ಶಾಸ್ತ್ರ ಯಾವುದೆಂದು ಕೇಳುವುದಕ್ಕೆ ಸಂಕೋಚಪಡುತ್ತಾರೆ. ಇಂಥ ಆಚಾರ್ಯನಿಗೆ ಮೊದಲ ದಿನವೇ ಕೇಳಬೇಕಾದ ಪ್ರಶ್ನೆ, ಅವನು ಏನನ್ನು ಓದಿದ್ದಾನೆ, ಎಷ್ಟು ಕಾಲ, ಯಾರ ಬಳಿ, ಮತ್ತು ಯಾವ ತೊಂದರೆಯನ್ನು ಹೊತ್ತು ಬಂದವನನ್ನು ಅವನು ಬೇರೆಯವರ ಬಳಿಗೆ ಕಳುಹಿಸಿಬಿಡುತ್ತಾನೆ ಎಂಬುದು.